ಚಾಲಗೇಣಿ ಚೀಟು ಮತ್ತು ಬಾಯಿ ಕಟ್ಟಿದ ಆ್ಯಂಟಿವೈರಸ್

ಪರದೆಯ ಬಲ ಮೂಲೆಯಲ್ಲಿ ಹಸಿರು ಗುರುತು ಹಾಗೆಯೇ ಇತ್ತು. ಅದರ ಮೇಲೆ ಬಾಣವನ್ನಿಟ್ಟರೆ, ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಮೂಡುತ್ತಿತ್ತು. ಅದೇ ಪರದೆಯ ನಡುವೆ ನನ್ನ ನಾಲ್ಕು ವರ್ಷಗಳ ಕಡತಗಳೆಲ್ಲ ಬಿಳಿಯ ಖಾಲಿ ಚಿತ್ರಗಳಾಗಿ ಬಿದ್ದುಕೊಂಡಿದ್ದವು. ಪ್ರತಿಯೊಂದರ ಹೆಸರಿಗೂ ನಾನು ಹಿಂದೆಂದೂ ಕಂಡಿರದ ನಾಲ್ಕಕ್ಷರದ ಬಾಲ ಅಂಟಿಕೊಂಡಿತ್ತು. ಒಂದನ್ನು ತೆರೆಯಹೋದೆ, ತೆರೆಯಲಿಲ್ಲ. ಇನ್ನೊಂದೂ ತೆರೆಯಲಿಲ್ಲ. ಪ್ರತಿ ಕಡತಕೋಶದೊಳಗೂ ಒಂದೊಂದು ಪತ್ರ ಮಾತ್ರ ಸಲೀಸಾಗಿ ತೆರೆದುಕೊಂಡಿತು: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕಳುಹಿಸಿದರೆ ಬೀಗದಕೈ ಕೊಡುತ್ತೇವೆ, ಮೂರು ದಿನಗಳೊಳಗೆ ಕಳುಹಿಸಿದರೆ ಅರ್ಧ ಬೆಲೆ. ಜವಳಿ ಅಂಗಡಿಯವರು ಆಷಾಢದ ಆಟಿ ತಿಂಗಳಲ್ಲಿ ಕೊಡುವ ರಿಯಾಯಿತಿಯನ್ನು ಕಳ್ಳರೂ ಕಲಿತಿದ್ದಾರೆ ಎಂದುಕೊಂಡೆ. ನಗು ಬರಲಿಲ್ಲ.

ಇದು 2019ರ ಸೆಖೆಗಾಲದ ಮಾತು. ಪೆರ್ಲ ಪೇಟೆಯ ಒಂದು ಮಹಡಿ ಕೋಣೆಯಲ್ಲಿ ನಾನು ಮಾಡುವ ಕೆಲಸ ಇಷ್ಟೆ: ಈ ನೆಲ ಮಲಯಾಳಂ ಆಡಳಿತಕ್ಕೆ ಸೇರುವ ಮೊದಲು, ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಲದ ಕನ್ನಡ ದಸ್ತಾವೇಜುಗಳನ್ನು ಸ್ಕ್ಯಾನ್ ಮಾಡಿ, ಓದಿ, ಅಚ್ಚಿನ ಅಕ್ಷರಗಳಿಗಿಳಿಸಿ, ಕಚೇರಿಗೆ ಬೇಕಾದರೆ ಮಲಯಾಳಂ ಅನುವಾದವನ್ನೂ ಜೋಡಿಸಿಕೊಡುವುದು. ಇಂದು ಕಚೇರಿಯಲ್ಲಿ ಕುಳಿತವರಲ್ಲಿ ಅನೇಕರಿಗೆ ಕನ್ನಡ ಬಾರದು. ಕನ್ನಡ ಬಲ್ಲವರಿಗೆ ಆ ಕಾಲದ ಗುಮಾಸ್ತರ ಕೈಬರಹ ದಕ್ಕದು. ನಾನು ಏಳನೆಯ ತರಗತಿಯಿಂದಾಚೆ ಓದಿದವನಲ್ಲ, ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೂ ಎಲ್ಲರೂ ‘ಮಾಷ್ಟ್ರೇ’ ಎನ್ನುತ್ತಾರೆ. ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ.

ಅಂದು ನನ್ನ ಎದೆ ಒಡೆದದ್ದು ಆ ಎಲ್ಲ ಕಡತಗಳಿಗಾಗಿ ಅಲ್ಲ, ಒಂದು ಕಡತಕ್ಕಾಗಿ. ವರ್ಕಾಡಿಯಲ್ಲಿ ಬೀಡಿ ಕಟ್ಟಿ ಬದುಕುವ ವಿಧವೆಯೊಬ್ಬರು ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅವರ ಗಂಡನ ಅಜ್ಜನಿಗೆ ಆ ಜಾಗ ಚಾಲಗೇಣಿಗೆ, ಎಂದರೆ ವರ್ಷ ವರ್ಷ ಗೇಣಿ ಕೊಟ್ಟು ಉಳುವ ಕರಾರಿಗೆ, ಸಿಕ್ಕಿದ್ದು. ಜಮೀನ್ದಾರರ ಮರಿಮಕ್ಕಳು ಈಗ ಸುತ್ತಲಿನ ನೆಲವನ್ನೆಲ್ಲ ಮಾರಲು ಹೊರಟು, ಈ ಹತ್ತು ಸೆಂಟ್ಸ್ ಕೂಡ ತಮ್ಮದೇ, ಅಲ್ಲಿ ಒಕ್ಕಲು ಯಾರೂ ಇರಲಿಲ್ಲ ಎಂದು ವಾದಿಸುತ್ತಿದ್ದರು. ಒಕ್ಕಲು ಇದ್ದರು ಎಂಬುದಕ್ಕೆ ಪುರಾವೆ ಒಂದೇ: ರಿಜಿಸ್ಟ್ರಿ ಆದ ಚಾಲಗೇಣಿ ಚೀಟು. ನಾಲ್ಕು ವರ್ಷಗಳ ಹಿಂದೆ ಅವರು ಅದನ್ನು ತಂದಾಗ ನಾನು ಸ್ಕ್ಯಾನ್ ಮಾಡಿ, ಓದಿ ಹೇಳಿ, ಮೂಲವನ್ನು ಹಿಂದಿರುಗಿಸಿದ್ದೆ. ಕಳೆದ ಮಳೆಗಾಲದಲ್ಲಿ ಅವರ ಮರದ ಪೆಟ್ಟಿಗೆಯೊಳಗೆ ಒರಲೆ, ಎಂದರೆ ಗೆದ್ದಲು, ಹತ್ತಿ ಅದು ಮಣ್ಣಾಯಿತು. ವಿದ್ಯಾನಗರದಲ್ಲಿ ಜಿಲ್ಲಾ ಕಚೇರಿಗಳಿರುವ ಸಿವಿಲ್ ಸ್ಟೇಷನ್ನಿನಲ್ಲಿ ವಿಚಾರಣೆಯೆಂದು ನೋಟೀಸು ಬಂದಾಗ ಅವರು ಆ ಮಣ್ಣನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನನ್ನಲ್ಲಿಗೆ ಬಂದಿದ್ದರು. “ಹೆದರ್ಬೇಡಿ ಅಕ್ಕ, ಕಂಪ್ಯೂಟರಿಗೆ ಒರಲೆ ಹಿಡಿಯುದಿಲ್ಲ” ಎಂದು ಹೇಳಿದವನು ನಾನು.

ಚೀಟಿನ ನಂಬ್ರ ಮತ್ತು ಇಸವಿ ತಿಳಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಅವೆರಡೂ ಗೊತ್ತಿಲ್ಲದಿದ್ದರೆ, ಹೆಸರಿನ ಮೇಲೆ ಹುಡುಕಲು ವರ್ಷಗಟ್ಟಲೆಯ ಸೂಚಿಗಳನ್ನು ತಿರುವಬೇಕು. ವಿಚಾರಣೆಗೆ ಉಳಿದದ್ದು ಎರಡೇ ವಾರ. ಅವೆರಡೂ ಇದ್ದದ್ದು ಚೀಟಿನ ಹಿಂಬದಿಯ ನೋಂದಣಿ ಷರಾದಲ್ಲಿ. ಆ ಹಿಂಬದಿಯ ಸ್ಕ್ಯಾನ್ ಇದ್ದದ್ದು ಬೀಗ ಬಿದ್ದ ಈ ಡಿಸ್ಕಿನಲ್ಲಿ. ಸ್ಕ್ಯಾನ್ ಮಾಡಿದ ದಿನವೇ ನಂಬ್ರವನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಬೇಕೆಂದು ನನಗೆ ತೋಚಿರಲಿಲ್ಲ. ಈ ಮಾತನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಆ್ಯಂಟಿವೈರಸ್ ಮಾರಿದ ಅಂಗಡಿಯಾತನಿಗೆ ಫೋನು ಮಾಡಿದೆ. ಆತ ಮೂವತ್ತರ ಪ್ರಾಯದವನು, ಮಾತಿನಲ್ಲಿ ಚುರುಕು.

“ಮಾಷ್ಟ್ರೆ, ನೀವು ಇಮೇಲಲ್ಲಿ ಎಂತದೋ ಒತ್ತಿದ್ದೀರಿ. ಪ್ರಾಯ ಆದವ್ರು ಹಾಗೇ, ಕಂಡದ್ದನ್ನೆಲ್ಲ ಒತ್ತುದು.”

“ನಾನು ಇಮೇಲು ತೆರೆಯದೆ ವಾರ ಆಯ್ತು.”

“ಹಾಗಾದ್ರೆ ಅಪ್‌ಡೇಟ್ ಆಗಿರ್ಲಿಕ್ಕಿಲ್ಲ.”

“ನಿನ್ನೆ ಸಂಜೆ ಅಪ್‌ಡೇಟ್ ಆದದ್ದು ಇಲ್ಲೇ ಬರೆದುಂಟು. ಓದಿ ಹೇಳ್ಲಾ?”

“ಹಾಗಾದ್ರೆ ಫಾರ್ಮ್ಯಾಟ್ ಮಾಡುವ ಮಾರಾಯ್ರೆ. ಎಲ್ಲ ಕ್ಲೀನ್ ಆಗ್ತದೆ. ಹೊಸ ಆ್ಯಂಟಿವೈರಸ್ ಹಾಕಿ ಕೊಡ್ತೇನೆ, ಇದಕ್ಕಿಂತ ದೊಡ್ಡದು.”

ಕಾವಲಿದ್ದ ಮನೆಗೆ ಕಳ್ಳ ನುಗ್ಗಿದ್ದಕ್ಕೆ ಮನೆಯನ್ನೇ ಸುಟ್ಟು, ಇನ್ನೂ ದಪ್ಪ ಮೀಸೆಯ ಕಾವಲುಗಾರನನ್ನು ಇಡೋಣ ಎಂದಂತಾಯಿತು. ಫೋನು ಇಟ್ಟೆ. ಕಂಪ್ಯೂಟರನ್ನು ಗೋಡೆಯಿಂದಲೇ ಆರಿಸಿ, ತಿರುಪು ಬಿಚ್ಚಿ, ಡಿಸ್ಕನ್ನು ಹೊರತೆಗೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟೆ. ಇನ್ನು ಮುಂದೆ ಏನು ನಡೆದರೂ ಆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಗೊಡುವುದಿಲ್ಲವೆಂದು ನಿಶ್ಚಯಿಸಿದೆ. ಮಾಡಬೇಕಾದ ಪ್ರಯೋಗವನ್ನು ಅದರ ಪ್ರತಿಯ ಮೇಲೆ ಮಾಡತಕ್ಕದ್ದು. ಹಳೆಯ ದಸ್ತಾವೇಜನ್ನು ಮುಟ್ಟುವ ಕ್ರಮವೂ ಅದೇ.

ಮರುದಿನ ಆ ಹೆಂಗಸು ಎರಡು ಬಸ್ಸು ಬದಲಿಸಿ ಬಂದರು. ನಾನು ಸುಳ್ಳು ಹೇಳಬಹುದಿತ್ತು. ಇನ್ನೆರಡು ದಿನ ಬಿಟ್ಟು ಬನ್ನಿ ಎನ್ನಬಹುದಿತ್ತು.

“ಪ್ರಿಂಟ್ ಆಯ್ತಾ ಮಾಷ್ಟ್ರೇ?”

“ಇಲ್ಲ ಅಕ್ಕ. ಚೀಟಿಗೆ ಬೀಗ ಹಾಕಿದ್ದಾರೆ.”

“ಯಾರು?”

“ಗೊತ್ತಿಲ್ಲ. ಯಾವ ದೇಶದವನೋ.”

“ಅವನಿಗೆ ನನ್ನ ಗಂಡನ ಅಜ್ಜನ ಚೀಟು ಎಂತಕ್ಕೆ?”

“ಅವನಿಗೆ ಬೇಡ. ನಮಗೆ ಬೇಕು ಅಂತ ಅವನಿಗೆ ಗೊತ್ತುಂಟು. ಅಷ್ಟೇ ಅವನ ವ್ಯಾಪಾರ.”

ಡಿಸ್ಕನ್ನು ಇಡಿಯಾಗಿ ಬೇರೊಂದಕ್ಕೆ ಎಳೆದುಕೊಂಡ ಪ್ರತಿಯಿಂದ ಕಂಪ್ಯೂಟರನ್ನು ತೆರೆದು ಅವರಿಗೆ ತೋರಿಸಿದೆ, ಕಳ್ಳನ ಪತ್ರವನ್ನೂ ಓದಿ ಹೇಳಿದೆ. ಅವರು ಮೂಲೆಯ ಹಸಿರು ಗುರುತಿನತ್ತ ಬೆರಳು ಚಾಚಿದರು. “ಅದು ಎಂತ?”

“ಅದು ಕಾವಲು.”

“ಇದು ಈಗ್ಲೂ ನಗಾಡ್ತಾ ಉಂಟಲ್ಲ ಮಾಷ್ಟ್ರೇ!”

ಅವರು ಅಳಲಿಲ್ಲ. ಕೈಯ ಚಿನ್ನದ ಬಳೆಯನ್ನು ತಿರುಗಿಸುತ್ತ ಕುಳಿತರು. ಆಮೇಲೆ ಅದನ್ನು ಕಳಚಿ ಮೇಜಿನ ಮೇಲಿಟ್ಟು, “ಇದಕ್ಕೆ ಆಗ್ತದಾ ಅವ ಕೇಳಿದಷ್ಟು?” ಎಂದರು.

ನಾನು ಆ ಬಳೆಯನ್ನು ಹಿಂದಕ್ಕೆ ಸರಿಸಿದೆ. ಇದನ್ನು ಧರ್ಮಬುದ್ಧಿ ಎಂದು ಯಾರೂ ತಿಳಿಯಬಾರದು. ನನ್ನೊಳಗಿದ್ದದ್ದು ಹಠ. ಬೀಗ ಹೇಗಿದೆಯೆಂದು ನೋಡದೆ ಬೀಗದಕೈ ಕೊಳ್ಳುವ ಜಾಯಮಾನ ನನ್ನದಲ್ಲ. “ಎಂಟು ದಿನ ಕೊಡಿ. ಆಗದಿದ್ರೆ ನಿಮ್ಮ ಬಳೆ ಅಲ್ಲ, ನನ್ನ ಸ್ಕ್ಯಾನರು, ಕಂಪ್ಯೂಟರು ಎಲ್ಲ ಮಾರಿ ಕಟ್ಟುವ” ಎಂದೆ.

“ಮೂರು ದಿನ ಕಳೆದ್ರೆ ಅವ ಡಬಲ್ ಕೇಳ್ತಾನೆ ಅಂತ ನೀವೇ ಓದಿ ಹೇಳಿದ್ದಲ್ವಾ?”

“ಹೌದು.”

“ಮನೆ ನನ್ನದು, ಹಠ ನಿಮ್ಮದು. ಒಳ್ಳೆದುಂಟು” ಎಂದು ಬಳೆ ತೊಟ್ಟುಕೊಂಡು ಎದ್ದರು. ಆದರೂ ನಾನು ನಿರ್ಧಾರ ಬದಲಿಸಲಿಲ್ಲ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ದೊಡ್ಡ ತೀರ್ಮಾನ ಇದೇ. ಸರಿಹೋಗದೆ ಇದ್ದಿದ್ದರೆ ಅದು ನನ್ನ ಬದುಕಿನ ದೊಡ್ಡ ಅಪರಾಧವೂ ಆಗುತ್ತಿತ್ತು.

ಬೀಗವನ್ನು ನೋಡುವುದೆಂದರೆ, ಒಂದೇ ಕಡತದ ಬೀಗ ಬಿದ್ದ ಪ್ರತಿ ಮತ್ತು ಬೀಗ ಬೀಳದ ಪ್ರತಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು. ಬೀಗ ಬೀಳದ್ದು ಎಲ್ಲಿಂದ ಬರಬೇಕು? ಒಬ್ಬ ನಿವೃತ್ತ ಶಾನುಭೋಗರ ಮನೆಯವರಿಗೆ ಹಿಂದೊಮ್ಮೆ ಅವರ ದಸ್ತಾವೇಜಿನ ಸ್ಕ್ಯಾನುಗಳನ್ನು ಸೀಡಿಯಲ್ಲಿ ಹಾಕಿಕೊಟ್ಟದ್ದು ನೆನಪಾಯಿತು. ಹೋಗಿ ಕೇಳಿದೆ. ಸೀಡಿ ಅವರ ಟೀವಿಯ ಮೇಲೆ ಲೋಟದ ತಳಕ್ಕೆ ಇಟ್ಟ ತಟ್ಟೆಯಾಗಿತ್ತು. ಒರಸಿ ತಂದೆ. ಅದೃಷ್ಟಕ್ಕೆ ಓದಿತು.

ಕಡತದೊಳಗಿನ ಅಂಕಿಗಳನ್ನು ಇದ್ದ ಹಾಗೆಯೇ ತೋರಿಸುವ ಸಣ್ಣ ತಂತ್ರಾಂಶಗಳಿವೆ. ಅಂಥದೊಂದರಲ್ಲಿ ಎರಡನ್ನೂ ತೆರೆದೆ. ಮೊದಲ ಸಾಲಿನಿಂದಲೇ ಒಂದಕ್ಕೊಂದು ಸಂಬಂಧವಿರಲಿಲ್ಲ. ಪುಟದ ಮೇಲೆ ಪುಟ ಇಳಿಸಿದೆ, ಎಲ್ಲ ಬೇರೆ. ಅಂಗಡಿಯಾತನೂ, ಅಂತರ್ಜಾಲದಲ್ಲಿ ಬರೆದವರೂ ಏಕಕಂಠದಿಂದ ಹೇಳಿದ್ದು ಇದನ್ನೇ: ಬೀಗ ಬಿದ್ದರೆ ಮುಗಿಯಿತು, ಗಣಿತವನ್ನು ಮುರಿಯಲಾಗದು. ಎಲ್ಲರೂ ಒಂದೇ ಮಾತನ್ನು ಹೇಳಿದರೆ ನನಗೆ ಅನುಮಾನ ಹುಟ್ಟುತ್ತದೆ. ನೂರು ಜನ ಒಬ್ಬನಿಂದ ಕೇಳಿ ಹೇಳುತ್ತಿರಬಹುದಲ್ಲ. ಇಳಿಸುತ್ತಲೇ ಹೋದೆ. ಬೆರಳು ನೋಯತೊಡಗಿತು. ಒಂದು ಹಂತದಲ್ಲಿ ಎಡ ಬಲಗಳು ಒಮ್ಮೆಗೇ ಒಂದಾದವು. ಆಮೇಲಿನ ಸಾಲುಗಳೆಲ್ಲ ಅಕ್ಷರಶಃ ಒಂದೇ, ಕಡತದ ಕೊನೆಗೆ ಕಳ್ಳ ಬಾಲವಾಗಿ ಅಂಟಿಸಿದ ಕೆಲವು ಗುರುತುಗಳ ಹೊರತು.

ಕಳ್ಳನಿಗೆ ಅವಸರವಿತ್ತು. ಸಾವಿರಾರು ಕಡತಗಳಿಗೆ ಪೂರ್ತಿ ಬೀಗ ಹಾಕುತ್ತ ಕುಳಿತರೆ ಸಿಕ್ಕಿಬೀಳುವ ಭಯ. ಆದುದರಿಂದ ಪ್ರತಿಯೊಂದರ ಮೊದಲ ತುಂಡನ್ನು ಮಾತ್ರ ಕೆಡಿಸಿ ಮುಂದೆ ಓಡಿದ್ದ. ಚಿಕ್ಕ ಕಡತವಾದರೆ ಆ ತುಂಡಿನಲ್ಲೇ ಪೂರ್ತಿ ಮುಳುಗುತ್ತದೆ. ನಾನು ನಾಲ್ಕು ವರ್ಷ ಬೆರಳಚ್ಚು ಮಾಡಿದ ಲಿಪ್ಯಂತರಗಳೆಲ್ಲ ಚಿಕ್ಕ ಕಡತಗಳು. ಅವು ಹೋದವು, ಇಂದಿಗೂ ಬಂದಿಲ್ಲ, ಬರುವುದೂ ಇಲ್ಲ. ಆದರೆ ಸ್ಕ್ಯಾನುಗಳು ದೊಡ್ಡವು. ಚಿತ್ರವನ್ನು ಹಿಂಡಿ ಚಿಕ್ಕದಾಗಿಸುವ ನಮೂನೆಗಳಲ್ಲಿ ಹಳೆಯ ಮಸಿಯ ಅಂಚು ಮಸುಕಾಗುತ್ತದೆಂದು ನಾನು ಎಲ್ಲವನ್ನೂ ಹಿಂಡದ ಬಿಟ್‌ಮ್ಯಾಪ್ ನಮೂನೆಯಲ್ಲೇ ಉಳಿಸುತ್ತಿದ್ದೆ. ಅದರಲ್ಲಿ ಪ್ರತಿ ಚುಕ್ಕೆಗೂ ತನ್ನದೇ ಜಾಗ. ಒಂದು ಚುಕ್ಕೆ ಕೆಟ್ಟರೆ ಪಕ್ಕದ್ದು ಕೆಡುವುದಿಲ್ಲ. ಮೇಲಾಗಿ ಆ ನಮೂನೆ ಚಿತ್ರವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆದಿಡುತ್ತದೆ. ಹಾಗಾಗಿ ಕಳ್ಳ ಕಚ್ಚಿದ್ದು ತಲೆಯನ್ನೂ, ಪ್ರತಿ ಹಾಳೆಯ ಬುಡದ ಒಂದು ತೆಳು ಪಟ್ಟಿಯನ್ನೂ ಮಾತ್ರ.

ತಲೆಯೆಂದರೆ ಚಿತ್ರದ ಅಗಲ ಎತ್ತರಗಳನ್ನು ಹೇಳುವ ಮೊದಲ ಕೆಲವು ಅಂಕಿಗಳು. ಸೀಡಿಯಲ್ಲಿದ್ದ ಚಿತ್ರದ ತಲೆಯನ್ನು ಕತ್ತರಿಸಿ ಚೀಟಿನ ಕಡತಕ್ಕೆ ಕಸಿ ಮಾಡಿದೆ. ತೆರೆಯಿತು. ಆದರೆ ಕಂಡದ್ದು ಅಕ್ಷರವಲ್ಲ. ಓರೆಯಾಗಿ ಹರಿದ ಬೂದು ಗೆರೆಗಳು, ಗಾಳಿಗೆ ಮಲಗಿದ ಪೈರಿನಂತೆ. ಅಗಲ ತಪ್ಪಿತ್ತು. ನಾನು ಪ್ರತಿ ಹಾಳೆಯನ್ನೂ ಅಂಚಿಗೆ ಸರಿಯಾಗಿ ಕತ್ತರಿಸಿ ಉಳಿಸುವವನು. ಎರಡು ಹಾಳೆಗಳ ಅಗಲ ಒಂದೇ ಇರುವುದಿಲ್ಲ. ನನ್ನ ಅಚ್ಚುಕಟ್ಟೇ ನನಗೆ ಎದುರಾಯಿತು.

ಎರಡು ದಿನ ಕಣ್ಣಂದಾಜಿನಲ್ಲಿ ಅಗಲವನ್ನು ಬದಲಿಸಿ ನೋಡಿ ಸೋತೆ. ಮೂರನೆಯ ದಿನ ಬುದ್ಧಿ ಬಂತು. ಕಡತದ ಒಟ್ಟು ಗಾತ್ರ ಕೆಟ್ಟಿರಲಿಲ್ಲ. ಅದರಿಂದ ತಲೆಯನ್ನೂ ಕಳ್ಳನ ಬಾಲವನ್ನೂ ಕಳೆದರೆ ಉಳಿಯುವುದರ ಮೂರನೆಯ ಒಂದು ಪಾಲು, ಚುಕ್ಕೆಗೆ ಮೂರು ಬಣ್ಣದಂಕಿಯ ಲೆಕ್ಕದಲ್ಲಿ, ಅಗಲ ಮತ್ತು ಎತ್ತರಗಳ ಗುಣಲಬ್ಧ. ಯಾವ ಯಾವ ಸಂಖ್ಯೆಗಳು ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ? ಕ್ಯಾಲೆಂಡರಿನ ಹಿಂಬದಿಯಲ್ಲಿ, ಪ್ರಾಥಮಿಕ ಶಾಲೆಯ ಭಾಗಾಕಾರ. ಅದೇ ಕಾಲದ ಇನ್ನೊಂದು ಛಾಪಾ ಕಾಗದವನ್ನು ಸ್ಕೇಲಿನಿಂದ ಅಳೆದು, ಅಸಾಧ್ಯವಾದ ಉತ್ತರಗಳನ್ನು ಹೊಡೆದುಹಾಕಿದೆ. ಐದು ಉಳಿದವು. ಒಂದೊಂದಾಗಿ ತಲೆಯೊಳಗೆ ಬರೆದೆ. ಮೊದಲನೆಯದು ಓರೆ. ಎರಡನೆಯದು ಎದುರು ದಿಕ್ಕಿಗೆ ಓರೆ. ಮೂರನೆಯದಕ್ಕೆ ಚೀಟು ಎದ್ದು ನೆಟ್ಟಗೆ ನಿಂತಿತು. ಗುಮಾಸ್ತನ ಬಾಗಿದ ಅಕ್ಷರಗಳು, ಹೆಬ್ಬೆಟ್ಟಿನ ನೀಲಿ, ಛಾಪಾ ಮುದ್ರೆ, ಎಲ್ಲವೂ.

ಹಿಂಬದಿಯ ಹಾಳೆಗೂ ಅದೇ ಕ್ರಮ ಅನುಸರಿಸಿದೆ. ಅಲ್ಲಿ ಮತ್ತೊಂದು ಏಟು ಕಾದಿತ್ತು. ಷರಾ ಹಾಳೆಯ ಬುಡದಲ್ಲಿತ್ತು. ಇಸವಿ ಸ್ಪಷ್ಟವಾಗಿ ಕಾಣುತ್ತಿತ್ತು. ನಂಬ್ರದ ಸಾಲು ಮಾತ್ರ ಕಳ್ಳನ ಪಟ್ಟಿಯೊಳಕ್ಕೆ ಜಾರಿ, ಅಂಕಿಗಳ ಕಾಲುಗಳು ಬೂದಿಯಲ್ಲಿ ಹೂತುಹೋಗಿದ್ದವು. ಮೊದಲ ಎರಡು ಅಂಕಿಗಳನ್ನು ತಲೆಯ ಆಕಾರದಿಂದ ನಿಶ್ಚಯಿಸಬಹುದಿತ್ತು. ಕೊನೆಯದು ಎರಡೂ ಆಗಬಹುದು, ಮೂರೂ ಆಗಬಹುದು. ಭೂತಗನ್ನಡಿ ಹಿಡಿದು ಎಷ್ಟು ನೋಡಿದರೂ ನನ್ನ ಕಣ್ಣು ನನಗೆ ಬೇಕಾದದ್ದನ್ನೇ ಕಾಣತೊಡಗಿದಾಗ ನೋಡುವುದನ್ನು ನಿಲ್ಲಿಸಿದೆ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಆ ಹೆಂಗಸನ್ನೂ ಕರೆದುಕೊಂಡು ಹೋಗಿ ಎರಡು ಅರ್ಜಿಗಳನ್ನು ಕೊಟ್ಟೆ. ಗುಮಾಸ್ತೆ ಎರಡನ್ನೂ ನೋಡಿ, ಒಂದು ದಸ್ತಾವೇಜಿಗೆ ಎರಡು ಅರ್ಜಿ ಯಾಕೆಂದು ಮಲಯಾಳದಲ್ಲಿ ಕೇಳಿದರು. ನಾನು ಚಿತ್ರದ ಮುದ್ರಿತ ಪ್ರತಿಯನ್ನು ತೋರಿಸಿ, ಕೊನೆಯ ಅಂಕಿಯ ಕಾಲು ಮುರಿದಿದೆ, ಎರಡರ ಕಾಲೋ ಮೂರರ ಕಾಲೋ ಗೊತ್ತಿಲ್ಲ ಎಂದೆ. ಅವರು ನಕ್ಕು, ಎರಡನ್ನೂ ಸ್ವೀಕರಿಸಿದರು. ನಕಲಿಗೆ ಕೆಲವು ದಿನಗಳಾಗುತ್ತವೆ, ವಿಚಾರಣೆಗೆ ಮೊದಲು ಕೊಡಲು ನೋಡುತ್ತೇವೆ ಎಂದರು.

ಕಾಯುವ ಆ ದಿನಗಳಲ್ಲಿ ನನ್ನ ಸಿಟ್ಟಿಗೆ ಕೆಲಸ ಬೇಕಿತ್ತು. ಅಂಗಡಿಯಾತ ಪೇಟೆಯಲ್ಲಿ ‘ಮಾಷ್ಟ್ರು ಎಂತದೋ ಒತ್ತಿ ಕಂಪ್ಯೂಟರ್ ಹಾಳು ಮಾಡಿಕೊಂಡ್ರು’ ಎಂದು ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು. ನಿಜವೇನೆಂದು ನಾನೇ ಹುಡುಕಬೇಕಿತ್ತು. ಪ್ರತಿ ಆ್ಯಂಟಿವೈರಸ್ಸೂ ತನ್ನ ದಿನಚರಿಯನ್ನು ಬರೆದಿಡುತ್ತದೆ, ಯಾರೂ ಓದುವುದಿಲ್ಲ. ನಾನು ಓದಿದೆ. ಅನಾಹುತದ ಹಿಂದಿನ ದಿನ, ಮಧ್ಯಾಹ್ನದ ಹೊತ್ತಿಗೆ, ಒಂದು ಸಾಲು ಸಿಕ್ಕಿತು: ಸಂಶಯಾಸ್ಪದ ಕಡತ ಕಂಡಿದೆ, ಬಳಕೆದಾರ ಅನುಮತಿಸಿದ್ದಾನೆ.

ಆ ಮಧ್ಯಾಹ್ನ ಏನಾಗಿತ್ತೆಂಬುದು ಆಗ ಬಿಡಿಬಿಡಿಯಾಗಿ ನೆನಪಾಯಿತು. ಅನುವಾದವನ್ನು ಹೊಸ ಯುನಿಕೋಡ್ ಅಕ್ಷರದಲ್ಲೇ ಕೊಡಬೇಕೆಂದು ಕಚೇರಿಯವರು ಹೇಳಿದ್ದರು. ನನ್ನ ಕನ್ನಡವೆಲ್ಲ ಹಳೆಯ ಫಾಂಟಿನಲ್ಲಿತ್ತು. ಪರಿವರ್ತಿಸುವ ತಂತ್ರಾಂಶವನ್ನು ಹಾಕಿಕೊಡಲು ಅಂಗಡಿಯಾತನೇ ಬಂದಿದ್ದ. ತಂದದ್ದು ಕದ್ದ ಪ್ರತಿ. ಅದನ್ನು ತೆರೆದ ಕೂಡಲೇ ಆ್ಯಂಟಿವೈರಸ್ ಬೊಬ್ಬೆ ಹಾಕಿತ್ತು. “ಇದು ಹೀಗೇ ಮಾಷ್ಟ್ರೆ, ಕನ್ನಡ ಕಂಡ್ರೆ ಇದಕ್ಕಾಗುದಿಲ್ಲ” ಎಂದು ಆತ ನಕ್ಕಿದ್ದ. ನಾನೂ ನಕ್ಕಿದ್ದೆ.

ನಕ್ಕದ್ದೇಕೆಂದು ಹೇಳಬೇಕು, ಇಲ್ಲದಿದ್ದರೆ ಇದು ಬರಿಯ ಮೂರ್ಖತನವಾಗಿ ತೋರುತ್ತದೆ. ಕನ್ನಡ ಬೆರಳಚ್ಚಿನ ಹಳೆಯ ತಂತ್ರಾಂಶಗಳು ಕೀಲಿಮಣೆಯ ಪ್ರತಿ ಒತ್ತನ್ನೂ ನಡುವೆ ತಡೆದು ಅಕ್ಷರವಾಗಿಸುತ್ತವೆ. ಗುಪ್ತಪದ ಕದಿಯುವ ವೈರಸ್ಸುಗಳೂ ಮಾಡುವುದು ಅದನ್ನೇ. ಆ್ಯಂಟಿವೈರಸ್ಸಿಗೆ ಎರಡೂ ಒಂದೇ. ಹಾಗಾಗಿ ನಮ್ಮ ಕಡೆಯ ಪ್ರತಿ ಬೆರಳಚ್ಚುಗಾರನೂ, ಮುದ್ರಣಾಲಯದವನೂ ಮೊದಲ ದಿನವೇ ಕಲಿಯುವ ಪಾಠವೊಂದಿದೆ: ಕನ್ನಡ ಬೇಕಾದರೆ ಆ್ಯಂಟಿವೈರಸ್ಸಿನ ಬಾಯಿ ಕಟ್ಟು. ‘ಅನುಮತಿಸು’ ಎಂಬ ಗುಂಡಿಯನ್ನು ನಾನು ಹದಿನೈದು ವರ್ಷಗಳಿಂದ ಓದದೆ ಒತ್ತುತ್ತ ಬಂದವನು. ಆ ಮಧ್ಯಾಹ್ನವೂ ಒತ್ತಿದ ಬೆರಳು ಅಂಗಡಿಯಾತನದಲ್ಲ, ನನ್ನದು. ಆತ ಒತ್ತಿ ಎಂದ, ನಾನು ಒತ್ತಿದೆ.

ಆದರೆ ತಪ್ಪನ್ನೆಲ್ಲ ತಲೆಯ ಮೇಲೆ ಹೊತ್ತು ಸುಮ್ಮನಾಗಲು ನಾನು ಸಿದ್ಧನಿರಲಿಲ್ಲ. ಬಾಯಿ ಕಟ್ಟದಿದ್ದರೆ ಅದು ಕಾಯುತ್ತಿತ್ತೇ? ಗುಜರಿಗೆ ಹೋಗಬೇಕಿದ್ದ ಹಳೆಯ ಕಂಪ್ಯೂಟರೊಂದನ್ನು ಎತ್ತಿಟ್ಟು, ಜಾಲದ ತಂತಿಯನ್ನು ಕಿತ್ತು, ಕಳೆದುಹೋದರೂ ಚಿಂತೆಯಿಲ್ಲದ ಕಡತಗಳನ್ನು ತುಂಬಿ, ಅದೇ ಆ್ಯಂಟಿವೈರಸ್ಸನ್ನು ನನ್ನ ಡಿಸ್ಕಿನಲ್ಲಿದ್ದ ಅದೇ ಆಯ್ಕೆಗಳೊಂದಿಗೆ ಹಾಕಿ, ಅಂಗಡಿಯಾತ ಬಿಟ್ಟುಹೋಗಿದ್ದ ಪೆನ್‌ಡ್ರೈವನ್ನು ಚುಚ್ಚಿದೆ. ಅನುಭವವಿಲ್ಲದವರು ಇದನ್ನು ಮಾಡಬಾರದು.

ಮೊದಲ ಸಲ ಅದು ಎಚ್ಚರಿಸಿತು. ಯಾವ ಮಾತಿನಲ್ಲಿ? ನನ್ನ ನಿರಪರಾಧಿ ಬೆರಳಚ್ಚು ತಂತ್ರಾಂಶದ ಬಗ್ಗೆ ಎಚ್ಚರಿಸುವ ಅದೇ ಮಾತಿನಲ್ಲಿ, ಅದೇ ಹಳದಿ ಬಣ್ಣದಲ್ಲಿ. ತೋಳಕ್ಕೂ ಮನೆಯ ನಾಯಿಗೂ ಒಂದೇ ಕೂಗು. ಎರಡನೆಯ ಸಲ, ಅಂದಿನಂತೆಯೇ ಅನುಮತಿ ಕೊಟ್ಟೆ. ಆ ಕದ್ದ ತಂತ್ರಾಂಶ ಕೆಲವು ಗಂಟೆ ಏನೂ ಮಾಡದೆ ಇದ್ದು, ಆಮೇಲೆ ನನ್ನ ಕಣ್ಣೆದುರೇ ಕೋಶದ ಮೇಲೆ ಕೋಶವಾಗಿ ಕಡತಗಳ ಹೆಸರು ಬದಲಿಸುತ್ತ ಹೋಯಿತು. ಆ್ಯಂಟಿವೈರಸ್ ಹಸಿರಾಗಿಯೇ ಕುಳಿತಿತ್ತು. ಒಳಗೆ ಬಿಟ್ಟವನು ಏನು ಮಾಡುತ್ತಿದ್ದಾನೆಂದು ನೋಡುವುದು ತನ್ನ ಕೆಲಸವಲ್ಲವೆಂಬಂತೆ. ಮತ್ತೆ ಅದನ್ನು ಬೇರೆಡೆಯಿಂದ ಇಳಿಸಿ ತಂದ ಹೊಸ ವೈರಸ್ ಪಟ್ಟಿಯೊಂದಿಗೆ ತಪಾಸಣೆಗೆ ಬಿಟ್ಟೆ. ಈಗ ಅದಕ್ಕೆ ಕಳ್ಳನ ಹೆಸರು ಗೊತ್ತಾಗಿತ್ತು. ಕಳ್ಳನನ್ನು ಅಳಿಸಿಹಾಕಿ, ‘ಎಲ್ಲ ಸ್ವಚ್ಛವಾಗಿದೆ’ ಎಂದು ಘೋಷಿಸಿತು. ಬೀಗ ಬಿದ್ದ ಕಡತಗಳು ಬೀಗದೊಂದಿಗೇ ಉಳಿದವು.

ಮೂರನೆಯ ಸಲಕ್ಕೆ ಮೊದಲು ಅದರ ಪಟ್ಟಿಗಳನ್ನೆಲ್ಲ ತಡಕಾಡಿದೆ. ನಾಲ್ಕು ಮೆಟ್ಟಿಲು ಕೆಳಗೆ, ಯಾರೂ ಇಳಿಯದ ಜಾಗದಲ್ಲಿ, ಒಂದು ಗುಂಡಿ ಇತ್ತು: ಆರಿಸಿದ ಕೋಶಗಳಿಗೆ ಅಪರಿಚಿತ ತಂತ್ರಾಂಶಗಳು ಬರೆಯದಂತೆ ತಡೆಯುವುದು. ಅದು ಆಫ್ ಆಗಿತ್ತು. ಹಾಕಿದೆ. ಅದೇ ಕಳ್ಳನನ್ನು ಅದೇ ಅನುಮತಿಯೊಂದಿಗೆ ಬಿಟ್ಟೆ. ಆ ಕೋಶದ ಒಂದು ಕಡತವನ್ನೂ ಆತ ಮುಟ್ಟಲಾಗಲಿಲ್ಲ! ನಾನು ಕುರ್ಚಿಯಿಂದ ಎದ್ದುನಿಂತೆ. ರಕ್ಷಣೆ ಇತ್ತು. ಮೊದಲ ದಿನದಿಂದಲೂ ಇತ್ತು. ಮತ್ತೆ ಯಾಕೆ ಆಫ್ ಆಗಿತ್ತು? ನನ್ನ ಕನ್ನಡ ತಂತ್ರಾಂಶವನ್ನು ತೆರೆದು ಎರಡು ಸಾಲು ಬರೆದು ಉಳಿಸಹೋದೆ. ಉಳಿಸಗೊಡಲಿಲ್ಲ. ಅದರ ಲೆಕ್ಕದಲ್ಲಿ ನನ್ನ ತಂತ್ರಾಂಶವೂ ಅಪರಿಚಿತ. ದಿನಚರಿಯಲ್ಲಿ ನೋಡಿದರೆ, ಆ್ಯಂಟಿವೈರಸ್ ಹಾಕಿದ ದಿನವೇ ಅಂಗಡಿಯಾತ ಅದನ್ನು ಆಫ್ ಮಾಡಿಟ್ಟಿದ್ದ, ನನಗೆ ಹೇಳಿರಲಿಲ್ಲ. ನನ್ನ ತಂತ್ರಾಂಶದ ಹೆಸರನ್ನು ಪರಿಚಿತರ ಪಟ್ಟಿಗೆ ಸೇರಿಸಲು ಆ ಗುಂಡಿಯ ಕೆಳಗೇ ಅವಕಾಶವಿತ್ತು. ಸೇರಿಸಿ ನೋಡಿದೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಆ ಮಧ್ಯಾಹ್ನವೇ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಇರಲಿ ಎಂದುಕೊಂಡೆ.

“ನೀನು ಮಾರಿದ ಕಾವಲಿನ ಮುಖ್ಯ ಬಾಗಿಲು ನೀನೇ ತೆಗೆದಿಟ್ಟು ಹೋದದ್ದು ಯಾಕೆ?”

“ಅದು ಹಾಕಿದ್ರೆ ಕನ್ನಡ ಸೇವ್ ಆಗುದಿಲ್ಲ ಮಾಷ್ಟ್ರೆ. ಆಮೇಲೆ ನೀವೇ ಫೋನ್ ಮಾಡಿ ಬೈಯುದು.”

“ಬೈತಿದ್ದೆ. ಬೈಸಿಕೊಂಡು ಸರಿ ಮಾಡ್ಬೇಕಿತ್ತು. ಹೆಸರು ಸೇರಿಸ್ಲಿಕ್ಕೆ ಅಲ್ಲೇ ಜಾಗ ಉಂಟು, ಕಂಡಿದ್ದೀಯಾ?”

“ಅಷ್ಟು ಕೆಳಗೆ ಯಾರು ಹೋಗಿ ನೋಡ್ತಾರೆ ಮಾರಾಯ್ರೆ? ಊರಿಡೀ ಹೀಗೇ ಹಾಕಿ ಕೊಟ್ಟದ್ದು, ಯಾರೂ ಕೇಳ್ಲಿಲ್ಲ.”

“ಊರಿಡೀ ಹೀಗೇ ಹಾಕಿದ್ದೀಯಾ!”

ಆತನ ಮುಖ ಸಣ್ಣಗಾಯಿತು. ತಾನು ಏನು ಒಪ್ಪಿಕೊಂಡೆನೆಂದು ಆಗಷ್ಟೇ ಆತನಿಗೆ ಹೊಳೆದಂತಿತ್ತು. ಆ ಗುಂಡಿ ಎಲ್ಲಿದೆ, ಹೆಸರು ಸೇರಿಸುವುದು ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಟ್ಟು ಬಂದೆ. ಆತ ಅದನ್ನು ಬಳಸಿದನೋ, ಹರಿದನೋ ನನಗೆ ತಿಳಿಯದು. ಆ ಆ್ಯಂಟಿವೈರಸ್ಸನ್ನು ಕಟ್ಟಿದವರ ಮೇಲಿನ ಸಿಟ್ಟು ಇದಕ್ಕಿಂತ ದೊಡ್ಡದು. ಕೋಟ್ಯಂತರ ಜನ ಬರೆಯುವ ಒಂದು ಭಾಷೆಯ ಬೆರಳಚ್ಚನ್ನು ಕಳ್ಳತನದಿಂದ ಬೇರ್ಪಡಿಸಿ ಗುರುತಿಸಲು ಹದಿನೈದು ವರ್ಷಗಳಲ್ಲಿ ಅವರಿಗೆ ಸಾಧ್ಯವಾಗಲಿಲ್ಲವೆಂದರೆ ನಾನು ನಂಬಲಾರೆ. ಯತ್ನಿಸಲಿಲ್ಲ, ಅಷ್ಟೇ. ಮೂರು ಪತ್ರ ಬರೆದೆ. ‘ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದ’ ಎಂಬ ಯಂತ್ರದ ಉತ್ತರ ಮೂರು ಸಲ ಬಂತು.

ವಿಚಾರಣೆಗೆ ಎರಡು ದಿನ ಉಳಿದಿರುವಾಗ ನಕಲು ಸಿದ್ಧವಾಯಿತು. ‘ಎರಡು’ ಎಂದು ಓದಿದ ನಂಬ್ರ ಯಾರದೋ ತೆಂಗಿನ ತೋಟದ ಕ್ರಯಪತ್ರವಾಗಿತ್ತು. ‘ಮೂರು’ ನಮ್ಮದು.

ವಿದ್ಯಾನಗರದಲ್ಲಿ ಅಧಿಕಾರಿಯೆದುರು ಜಮೀನ್ದಾರರ ಕಡೆಯ ವಕೀಲರು, ಮೂಲ ದಸ್ತಾವೇಜು ಎಲ್ಲಿ ಎಂದು ಕೇಳಿದರು. ಒರಲೆ ತಿಂದಿತೆಂದು ಹೇಳಿ, ದೃಢೀಕೃತ ನಕಲನ್ನು ಮುಂದಿಟ್ಟೆವು. ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಓದಿ ಹೇಳಲು ನನಗೆ ಸೂಚಿಸಿದರು. ನಾನು ಕನ್ನಡವನ್ನು ಗಟ್ಟಿಯಾಗಿ ಓದಿ, ಸಾಲು ಸಾಲಿಗೂ ಮಲಯಾಳದಲ್ಲಿ ಅರ್ಥ ಹೇಳಿದೆ. ಮೂಡಣ ದಿಕ್ಕಿನ ನೀರು ಹರಿಯುವ ತೋಡು, ತೆಂಕಣ ದಿಕ್ಕಿನ ಕಲ್ಲಿನ ಬದುವಾದ ಕಟ್ಟಪುಣಿ, ಪಡುವಣದ ಬಾವಿ ಎಂಬ ಗಡಿಗಳ ಸಾಲು ಬಂದಾಗ ಆ ಹೆಂಗಸು ತಡೆಯಲಾರದೆ, “ಆ ಬಾವಿಯ ನೀರೇ ಇವತ್ತು ಬೆಳಿಗ್ಗೆ ಕುಡಿದು ಬಂದದ್ದು” ಎಂದರು. ವಕೀಲರು ಆಕ್ಷೇಪ ಹೇಳಲು ಬಾಯಿ ತೆರೆದರು. ಅಧಿಕಾರಿ ನಕಲನ್ನು ಕಡತಕ್ಕೆ ಸೇರಿಸಿ ನಂಬ್ರ ಹಾಕುತ್ತಿದ್ದುದನ್ನು ಕಂಡು ಬಾಯಿ ಮುಚ್ಚಿದರು. ಒಕ್ಕಲುತನವನ್ನು ಒಪ್ಪಿ ಆದೇಶವಾದದ್ದು ಮಳೆಗಾಲ ಹಿಡಿದ ಮೇಲೆ.

ಆದೇಶದ ಪ್ರತಿ ಕೈಗೆ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದೆ: “ಇದನ್ನು ಸ್ಕ್ಯಾನ್ ಮಾಡಿ ಇಡ್ಲಾ ಅಕ್ಕ? ಈಗ ಎಲ್ಲ ಸರಿ ಮಾಡಿದ್ದೇನೆ. ಹೊರಗಿನ ಡಿಸ್ಕು, ವಾರಕ್ಕೊಮ್ಮೆ ಮಾತ್ರ ಜೋಡಿಸುದು.”

ಅವರು ಕಾಗದವನ್ನು ಸೆರಗಿನೊಳಗೆ ಸರಿಸಿಕೊಂಡರು.

“ಮಾಡಿ. ಒಂದು ನನ್ನ ಹತ್ರ ಇರ್ಲಿ, ಒಂದು ನಾದಿನಿಯ ಮನೆಯಲ್ಲಿ, ಒಂದು ನಿಮ್ಮಲ್ಲಿ. ನಿಮ್ಮಲ್ಲಿ ಇರ್ಬಾರ್ದು ಅಂತ ನಾನು ಹೇಳುದಿಲ್ಲ ಮಾಷ್ಟ್ರೇ. ನಿಮ್ಮಲ್ಲಿ ಮಾತ್ರ ಇರೂದು ಬೇಡ.”

ಯಾವ ತಂತ್ರಾಂಶದ ಪುಸ್ತಕವೂ ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಓದಿಲ್ಲ. ಆದರೆ ಆ ಹೊತ್ತಿಗೆ ನನಗೆ ಬಂದದ್ದು ಮೆಚ್ಚುಗೆಯಲ್ಲ, ಸಿಟ್ಟು, ಅವರ ಮೇಲಲ್ಲ, ನಾಲ್ಕು ವರ್ಷಗಳ ಹಿಂದೆಯೇ ಇದು ತೋಚದ ನನ್ನ ಮೇಲೆ. ಬಸ್ಸು ಬರಲು ಸಮಯವಿತ್ತು. ಎದುರಿನ ಅಂಗಡಿಗೆ ಹೋಗಿ ಮೂರು ಪ್ರತಿ ತೆಗೆಸಿ, ಒಂದನ್ನು ನಾನಿಟ್ಟುಕೊಂಡು ಎರಡನ್ನು ಅವರ ಕೈಯಲ್ಲಿಟ್ಟೆ. ಅವರು ಎರಡನ್ನೂ ಪುಟಪುಟವಾಗಿ ಎಣಿಸಿ ನೋಡಿದ ಮೇಲೆಯೇ ಬಸ್ಸು ಹತ್ತಿದರು.